ತರಕಾರಿ ಹಿತ್ತಿಲಿಗೂ ಒಂದು ಲೆಕ್ಕದ ಪುಸ್ತಕ

ಮೈಸೂರಿನಲ್ಲಿ 1887ರಿಂದ ಪ್ರಕಟವಾಗುತ್ತ ಬಂದಿರುವ ಒಂಟಿಕೊಪ್ಪಲ್ ಪಂಚಾಂಗ ಹಳೆಯ ಮೈಸೂರು ಸೀಮೆಯಲ್ಲಿ ಮನೆಮಾತು. ಯುಗಾದಿಯ ದಿನ ಪಂಚಾಂಗವನ್ನು ಪೂಜೆಗಿಟ್ಟು, ಓದಿಸಿ ಕೇಳಿ, ಬಳಿಕ ವರ್ಷವಿಡೀ ಹಬ್ಬಕ್ಕೂ ಮುಹೂರ್ತಕ್ಕೂ ತಿರುವಿ ನೋಡುವುದು ನಮ್ಮ ವಾಡಿಕೆ. ಆದರೆ ಬೇಸಾಯಗಾರನಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಳೆ ನಕ್ಷತ್ರಗಳ ಪಟ್ಟಿ. ಕಾಫಿ, ಅಡಿಕೆಗಳ ನಡುವೆ ತರಕಾರಿ ಹಿತ್ತಿಲನ್ನು ಬರಿಯ ಅಂದಾಜಿನ ಮೇಲೆ ನಡೆಸುವ ನಾವು ಆ ಪಟ್ಟಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

“ಯುಗಾದಿ ಕಳೆದು ಹದಿನೈದು ದಿನಕ್ಕೆ ಬೀಜ ಹಾಕಿದೆ” ಎಂದು ಹೇಳುವವರಿದ್ದಾರೆ. ಯುಗಾದಿ 2023ರಲ್ಲಿ ಮಾರ್ಚ್ 22ರಂದು ಬಂದಿತು. 2024ರಲ್ಲಿ ಏಪ್ರಿಲ್ 9ರಂದು. ಹದಿನೆಂಟು ದಿನಗಳ ಅಂತರ! ಹಬ್ಬಗಳು ಚಂದ್ರನ ಲೆಕ್ಕದವು. ಮಳೆ ನಕ್ಷತ್ರಗಳಾದರೋ ಸೂರ್ಯನ ಲೆಕ್ಕದವು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಆದ್ದರಿಂದ ಕೃತ್ತಿಕೆ ಮೇ 11ರ ಸುಮಾರಿಗೆ, ರೋಹಿಣಿ ಮೇ 25ಕ್ಕೆ, ಮೃಗಶಿರ ಜೂನ್ 8ಕ್ಕೆ, ಮಘೆ ಆಗಸ್ಟ್ 17ಕ್ಕೆ, ಹಸ್ತ ಸೆಪ್ಟೆಂಬರ್ 27ಕ್ಕೆ, ಒಂದು ದಿನ ಹೆಚ್ಚುಕಮ್ಮಿಯಾಗಿ ಪ್ರತಿ ವರ್ಷ ಬರುತ್ತವೆ. ಬಿತ್ತನೆಗೆ ಗುರುತು ಇಟ್ಟುಕೊಳ್ಳಲು ಹಬ್ಬಕ್ಕಿಂತ ಇವು ಮೇಲು.

ಆದರೆ ನಕ್ಷತ್ರ ತೋರಿಸುವುದು ದಿನವನ್ನು ಮಾತ್ರ, ಮಳೆಯನ್ನಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯಲ್ಲಿಯೂ ‘ಬಂದರೆ’ ಎಂಬ ಮಾತಿದೆ. ಮೈಸೂರು ನಗರದ ಸುತ್ತ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ಮೇ ತಿಂಗಳಿನದೂ ಸೆಪ್ಟೆಂಬರ್, ಅಕ್ಟೋಬರ್‌ನದೂ ದೊಡ್ಡ ಪಾಲು. ಮಲೆನಾಡಿನಲ್ಲಿ ಮಳೆಯ ಜೋರೆಲ್ಲ ಜೂನ್‌ನಿಂದ ಆಗಸ್ಟ್‌ವರೆಗೆ. ಮೈಸೂರಿನ ರೈತ ಹದ ನೋಡಿ ಬಿತ್ತುವ ದಿನವೇ ಮಲೆನಾಡಿನ ಹಿತ್ತಿಲಲ್ಲಿ ಬೀಜ ಕೊಳೆಯಬಹುದು. ಆದ್ದರಿಂದ ಪಂಚಾಂಗದ ಪಕ್ಕದಲ್ಲಿ ನಮ್ಮದೇ ಜಾಗದ ಬರವಣಿಗೆಯೂ ಇರಬೇಕು.

ಬರೆದಿಡುವುದು ನಮಗೆ ಹೊಸತೇನಲ್ಲ. ಹೂಮಳೆ ಯಾವ ದಿನ ಎಷ್ಟು ಇಂಚು ಬಿತ್ತು, ಬೆಂಬಲ ಮಳೆ ಎಂದು ಬಂತು ಎಂದು ಕಾಫಿ ಬೆಳೆಗಾರರು ಬರೆದಿಡುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತಾರೀಖನ್ನು ಅಡಿಕೆಯವರು ಗುರುತು ಹಾಕಿಕೊಳ್ಳುತ್ತಾರೆ. ಅದೇ ಪುಸ್ತಕದ ಕೊನೆಯ ಹತ್ತು ಹಾಳೆಗಳನ್ನು ತರಕಾರಿಗೆ ಬಿಟ್ಟರೆ ಸಾಕು. ಯಾವ ಬೀಜ, ಎಲ್ಲಿಯದು, ಯಾವ ಮಡಿ, ಬಿತ್ತಿದ ದಿನ ಮತ್ತು ಮಳೆ ನಕ್ಷತ್ರ, ಮೊದಲ ಕೊಯ್ಲು, ಬಂದ ರೋಗ. ಈ ಆರು ಅಂಕಣ ಸಾಕು.

ಈ ಲೆಕ್ಕದ ಪ್ರಯೋಜನಕ್ಕೆ ಒಂದು ಉದಾಹರಣೆ ನೋಡೋಣ. ಡಿಸೆಂಬರ್‌ನಲ್ಲಿ ಕಾಫಿ ಹಣ್ಣು, ಅಡಿಕೆ ಕೊನೆ ಎರಡರ ಕೆಲಸವೂ ಇರುತ್ತದೆ. ಮನೆಯಲ್ಲಿ ಊಟಕ್ಕೆ ಜನ ಹೆಚ್ಚು, ಹಿತ್ತಿಲಿಗೆ ಕೈ ಕಡಿಮೆ. ಆ ತಿಂಗಳ ಮೊದಲಿಗೆ ಬದನೆಕಾಯಿ ಬೇಕಾದರೆ ಹಿಂದಕ್ಕೆ ಎಣಿಸಬೇಕು. ನಾಟಿಯಾದ ಮೇಲೆ ಸುಮಾರು 65 ದಿನ, ಸಸಿ ಮಡಿಯಲ್ಲಿ 35 ದಿನ. ಅಂದರೆ ಬೀಜ ಮಘೆಯ ನಡುವಿನಲ್ಲಿ, ನಾಟಿ ಹಸ್ತದ ಹೊತ್ತಿಗೆ. ಮಲೆನಾಡಿನಲ್ಲಿ ಮಘೆಗೆ ಇನ್ನೂ ಮಳೆ ಇರುವುದರಿಂದ ಸಸಿಗಳನ್ನು ಸೂರಿನಡಿ ಎಬ್ಬಿಸಬೇಕು. ಮೂಲಂಗಿಗೆ 45 ದಿನ. ಅಕ್ಟೋಬರ್ ಮಧ್ಯದ ಚಿತ್ತೆಯಲ್ಲಿ ಬಿತ್ತಿದರೆ ಆಯಿತು. ಹರಿವೆ 30 ದಿನದೊಳಗೆ ಬರುವುದರಿಂದ ನವೆಂಬರ್ ಮೊದಲ ವಾರದವರೆಗೂ ಕಾಯಬಹುದು. ಇವು ಸಾಮಾನ್ಯ ಲೆಕ್ಕ. ನಿಮ್ಮ ಹಿತ್ತಿಲಿನ ದಿನಗಳು ಎಷ್ಟೆಂದು ನಿಮ್ಮ ಪುಸ್ತಕವೇ ಹೇಳಬೇಕು.

ಮಡಿಗಳ ಗುರುತು ಇನ್ನೂ ಮುಖ್ಯ. ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಒಂದೇ ಕುಟುಂಬದವು. ಗಿಡವನ್ನು ಹಸಿರಾಗಿರುವಾಗಲೇ ಬಾಡಿಸುವ ಸೊರಗು ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಉಳಿಯುತ್ತದೆ. ಕಳೆದ ವರ್ಷ ಬದನೆ ಸೊರಗಿದ ಮಡಿಗೆ ಈ ವರ್ಷ ಮೆಣಸಿನ ಸಸಿ ಇಡುವುದು ಮರೆವಿನಿಂದ ಆಗುವ ನಷ್ಟ.

ಬೀಜಕ್ಕೂ ಇದೇ ಮಾತು. ಮೈಸೂರಿನ ಈರಂಗೆರೆ ಬದನೆಯಂಥ ನಾಟಿ ತಳಿಗಳು ಉಳಿದಿರುವುದು ಗುರುತಿಟ್ಟು ಬೀಜ ಎತ್ತಿಟ್ಟವರಿಂದ. ನಮ್ಮ ಮನೆಗಳಲ್ಲಿ ಈ ಗುರುತು ಇರುವುದು ಬಹುಪಾಲು ಅಜ್ಜಿಯರ, ತಾಯಂದಿರ ನೆನಪಿನಲ್ಲಿ. ಯಾವ ಸೌತೆ ಯಾವ ಮಳೆಗೆ, ಬೂದಿ ಹಚ್ಚಿ ಇಟ್ಟ ಬೀಜ ಯಾವುದು ಎಂಬುದನ್ನು ಅವರಿರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ ಆಮೇಲೆ ಹೇಳುವವರಿಲ್ಲ. ಹೆಸರಿಲ್ಲದ ಪೊಟ್ಟಣ ಮಾತ್ರ ಉಳಿಯುತ್ತದೆ.

ಕೆಟ್ಟುಹೋದದ್ದನ್ನೂ ನಾಚಿಕೆಯಿಲ್ಲದೆ ಬರೆಯಿರಿ. ಮೊದಲ ವರ್ಷದ ಬರವಣಿಗೆಯಿಂದ ಹೆಚ್ಚೇನೂ ತಿಳಿಯದು. ಒಂದು ಮಳೆ ಹುಸಿಹೋದದ್ದು ಆ ವರ್ಷದ ಮಾತು. ಮೂರು ನಾಲ್ಕು ವರ್ಷಗಳದನ್ನು ಪಕ್ಕಪಕ್ಕ ಇಟ್ಟಾಗ ಜಾಗದ ಸ್ವಭಾವ ಕಾಣತೊಡಗುತ್ತದೆ. ಮುಂದಿನ ಬಿತ್ತನೆಯಂದೇ ಪಂಚಾಂಗ ಇರುವ ಗೂಡಿನಲ್ಲಿ ಒಂದು ನೋಟ್‌ಬುಕ್ಕನ್ನೂ ದಾರ ಕಟ್ಟಿದ ಪೆನ್ಸಿಲನ್ನೂ ಇಡಿರಿ. ಹಿತ್ತಿಲಿನಿಂದ ಬಂದವರು ಕೈ ತೊಳೆದು ಎರಡು ಸಾಲು ಬರೆದರೆ ಆಯಿತು.