ಗರ್ಭಕೋಶದ ಬಾಯಿಯ ಬದಲಾವಣೆ: ಮುಲಾಮು ಸಾಕೇ?



ತಪಾಸಣೆಯಲ್ಲಿ 'ಗರ್ಭಕೋಶದ ಬಾಯಿಯಲ್ಲಿ ಬದಲಾವಣೆ ಇದೆ' ಎಂದ ಕೂಡಲೇ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಎರಡು ಮಾತು ಕೇಳಿಬರುತ್ತವೆ. ಒಂದು, 'ಗರ್ಭಚೀಲಾನೇ ತೆಗೆಸಿಬಿಡ್ರಿ'. ಇನ್ನೊಂದು, 'ಶಕ್ತಿ ಬರೋ ಔಷಧಿ ಕೊಡ್ರಿ, ತಾನೇ ಹೋಗ್ತದ'. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ.

ಈ ಬದಲಾವಣೆಗೆ ಕಾರಣ ಪ್ಯಾಪಿಲೋಮಾ ವೈರಸ್. ಸಂಸಾರಸ್ಥರಲ್ಲಿ ಹೆಚ್ಚಿನವರಿಗೆ ಎಂದಾದರೊಮ್ಮೆ ಇದು ತಗಲುತ್ತದೆ. ಯಾರ ನಡತೆಯನ್ನೂ ಸಂಶಯಿಸಬೇಕಾಗಿಲ್ಲ. ಬಹುಪಾಲು ಸಲ ಮೈಯ ರೋಗನಿರೋಧಕ ಶಕ್ತಿಯೇ ಎರಡು ವರ್ಷದೊಳಗೆ ಅದನ್ನು ಓಡಿಸುತ್ತದೆ. ಅದಕ್ಕೇ ಸಣ್ಣ ಬದಲಾವಣೆ ಕಂಡಾಗ ಡಾಕ್ಟರು ಏನೂ ಮಾಡದೆ ಮತ್ತೆ ಬರಹೇಳುವುದುಂಟು. ವೈರಸ್ ವರ್ಷಾನುಗಟ್ಟಲೆ ಉಳಿದರೆ ಮಾತ್ರ ಕ್ಯಾನ್ಸರಿನ ಭಯ. ಎಚ್‌ಐವಿ ಇರುವ ತಾಯಂದಿರಲ್ಲಿ ಇದು ಬೇಗ ಬೆಳೆಯುತ್ತದೆ. ಅವರು 25ನೇ ವಯಸ್ಸಿನಿಂದಲೇ ತೋರಿಸಿಕೊಳ್ಳಬೇಕು.

ಆ ಶಕ್ತಿಯನ್ನು ಎಬ್ಬಿಸುವ ಮದ್ದು ಇದೆಯೇ? ಇದೆ, ಆದರೆ ಅಂಗಡಿಯ ಟಾನಿಕ್ ಅಲ್ಲ. ಗುಪ್ತಾಂಗದ ಹೊರಗಿನ ನರಹುಲಿಗೆ ಹಚ್ಚುವ ಇಮಿಕ್ವಿಮೋಡ್ ಎಂಬ ಮುಲಾಮು ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ಆ ಜಾಗದಲ್ಲಿ ಇಂಟರ್‌ಫೆರಾನ್ ಹುಟ್ಟಿಸಿ, ಮೈಯ ಕಾವಲುಗಾರರನ್ನು ಕರೆಸುತ್ತದೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಇದನ್ನೇ ಒಳಗಿಡುವ ಮದ್ದಾಗಿ ಮಾಡಿ, ಮುಂದುವರಿದ ಬದಲಾವಣೆಯಿದ್ದ 59 ಮಹಿಳೆಯರಲ್ಲಿ 16 ವಾರ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದಂತೆ ಮದ್ದು ಪಡೆದವರಲ್ಲಿ ಶೇಕಡ 73 ಮಂದಿಗೆ, ಹುಸಿ ಮದ್ದು ಪಡೆದವರಲ್ಲಿ ಶೇಕಡ 39 ಮಂದಿಗೆ ಗುಣ ಕಂಡಿತು. ಹುಸಿ ಮದ್ದಿನಲ್ಲೂ 39! ಮೈಯ ಶಕ್ತಿ ಅಷ್ಟಿದೆ. ಆದರೆ ಮದ್ದು ಪಡೆದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಗುಣವಾಗಲಿಲ್ಲ ಎಂಬುದನ್ನು ಮರೆಯಬಾರದು. ಉರಿ, ಜ್ವರವೂ ಬರುತ್ತವೆ.

ನಮ್ಮ ಕಡೆಗೆ ಇದು ಹೊಂದುವುದು ಕಷ್ಟ ಎಂದೇ ನಮ್ಮ ಅನಿಸಿಕೆ. ಸುಗ್ಗಿ ಮುಗಿದರೆ ಬೆಂಗಳೂರು, ಮುಂಬೈಗೆ ದುಡಿಯಲು ಹೋಗುವವರು 16 ವಾರದ ಮದ್ದನ್ನು ನಡುವೆಯೇ ಬಿಡುತ್ತಾರೆ, ತಿರುಗಿ ತೋರಿಸುವುದೂ ಇಲ್ಲ. ಇದಕ್ಕಿಂತ ಸರಳವಾದದ್ದು ಬಿಸಿ ಅಥವಾ ತಣ್ಣನೆಯ ತುದಿ ಮುಟ್ಟಿಸಿ ಕೆಟ್ಟ ಪದರವನ್ನು ನಾಶಮಾಡುವ ಚಿಕಿತ್ಸೆ. ಕೆಲವೇ ನಿಮಿಷದ ಕೆಲಸ, ಅಂದೇ ಮನೆಗೆ ಬರಬಹುದು. ಬದಲಾವಣೆ ಒಳಗಿನತನಕ ಹೋಗಿದ್ದರೆ ತಂತಿಯ ಸುರುಳಿಯಿಂದ ಆ ಭಾಗವನ್ನಷ್ಟೇ ತೆಗೆಯುತ್ತಾರೆ. ಇಷ್ಟಕ್ಕೆ ಗರ್ಭಚೀಲ ಕಳೆದುಕೊಳ್ಳಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಚೀಲವನ್ನು ಕಾರಣವಿಲ್ಲದೆ ತೆಗೆದ ಸಂಗತಿ 2015ರಲ್ಲಿ ತನಿಖೆಗೆ ಬಂದದ್ದು ನೆನಪಿರಲಿ. ಯಾರಾದರೂ 'ತೆಗೆಸಿ' ಎಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಹುಡುಗಿಯರಿಗೆ ಕೊಡುವ ಲಸಿಕೆ ವೈರಸ್ ತಗಲದಂತೆ ತಡೆಯುತ್ತದೆ, ಆಗಲೇ ಆದ ಬದಲಾವಣೆಯನ್ನು ವಾಸಿ ಮಾಡುವುದಿಲ್ಲ.

ಆಳಂದದ ಗಡಿಯಾಚೆಯ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಒಂದು ಸಲ ವೈರಸ್ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟದ್ದರಿಂದ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿಯಿತು ಎಂದು 2009ರಲ್ಲಿ ವರದಿಯಾಯಿತು. 30 ದಾಟಿದವರು ಐದು ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ವಿನೆಗರ್‌ನಂಥ ದ್ರವ ಹಚ್ಚಿ ಒಂದು ನಿಮಿಷ ನೋಡುತ್ತಾರೆ. ಬಿಳಿ ಕಲೆ ಎದ್ದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಎಲ್ಲಿ, ಯಾವ ದಿನ ಎಂಬುದನ್ನು ನಿಮ್ಮೂರಿನ ಆಶಾ ಅಕ್ಕನನ್ನು ಕೇಳಿ. ಹೋಗುವಾಗ ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ.