ನಿಂತ ಸ್ವರ, ನಡೆವ ಸ್ವರ

ಎರಡು ಸ್ವರಪಂಕ್ತಿಗಳು ಜೊತೆಯಾಗಿ ಸಾಗುವ ರೀತಿಗಳನ್ನು ಪಾಶ್ಚಾತ್ಯ ಸಂಗೀತಶಾಸ್ತ್ರವು ಬಗೆಬಗೆಯಾಗಿ ವಿಂಗಡಿಸಿದೆ. ಎರಡೂ ಕೂಡಿಯೇ ಏರಬಹುದು. ಒಂದು ಏರುವಾಗ ಇನ್ನೊಂದು ಇಳಿಯಬಹುದು. ಒಂದು ನಿಂತಿರಲು ಇನ್ನೊಂದು ನಡೆಯಬಹುದು. ಜರ್ಮನಿಯ ಬಾಖ್ ಈ ಹೆಣಿಗೆಯಿಂದ ಮಹಾಸೌಧಗಳನ್ನೇ ಕಟ್ಟಿದನು. ನಮ್ಮಲ್ಲಿ ಇರುವುದು ಒಂಟಿ ದನಿ, ಹೆಣಿಗೆಯ ಮಾತೇ ಇಲ್ಲವೆಂದು ಪಂಡಿತರು ಹೇಳುವುದುಂಟು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಇರುಳಿಡೀ ಗಾಯನ ಕೇಳಿದವರು ಇದನ್ನು ಸುಲಭವಾಗಿ ಒಪ್ಪಲಾರರು.

ಅದು ಸವಾಯಿ ಗಂಧರ್ವರ (1886–1952) ಊರು. ಅಬ್ದುಲ್ ಕರೀಮ್ ಖಾನರಿಂದ ಅವರು ಪಡೆದ ಕಿರಾಣಾ ಗಾಯಕಿಗೆ ಸ್ವರವೇ ಪ್ರಾಣ; ಆ ಸ್ವರಕ್ಕೆ ತಂಬೂರಿಯೇ ನೆಲ. ಪಂಚಮ, ಜೋಡಿ ಷಡ್ಜ, ಖರ್ಜ: ಈ ತಂತಿಗಳು ಕದಲವು, ಕದಲುವುದು ಕಂಠ. ಕೋಮಲ ರಿಷಭವು ಷಡ್ಜದ ಮಗ್ಗುಲಿಗೆ ಬಂದಾಗ ತಿಕ್ಕಾಟವೆದ್ದು, ಕಂಠವು ಪಂಚಮವನ್ನು ಮುಟ್ಟಿದೊಡನೆ ಅದು ಶಮನವಾಗುವುದು. ನಿಂತದ್ದೂ ಜಡವಲ್ಲ. ಕುದುರೆಯ ಮೇಲೆ ತಂತಿಯಡಿ ನೂಲಿನೆಳೆಯಿಟ್ಟು ಜವಾರಿ ಕೂಡಿಸಿದರೆ (ನಮ್ಮ ಕಡೆಯ ಜವಾರಿ ಜೋಳಕ್ಕೂ ಇದಕ್ಕೂ ನಂಟಿಲ್ಲ!) ಖರ್ಜದೊಳಗಿಂದ ಯಾರೂ ಮೀಟದ ಗಾಂಧಾರವೊಂದು ಮೂಡುತ್ತದೆ. ಮೂಲಕಂಪನದ ಐದು ಪಟ್ಟು ವೇಗದ ಉಪಸ್ವರವದು.

ಇನ್ನು ಸಾರಂಗಿ, ಪೇಟಿ. ಇವು ಗಾಯಕನ ನೆರಳಿನಂತೆ ಕೂದಲೆಳೆಯಷ್ಟು ಹಿಂದೆ ಬರುತ್ತವೆ. ತಾನು ಮೇಲೇರಿ ಗಾಯಕನು ಇಳಿಯತೊಡಗಿದಾಗ ನೆರಳು ಇನ್ನೂ ಏರುತ್ತಲೇ ಇರುತ್ತದೆ. ಆ ಗಳಿಗೆಯ ವಿರುದ್ಧಗತಿಯನ್ನು ಯಾರೂ ಬರೆದಿಟ್ಟಿಲ್ಲ. ಕೇಳುವ ಸುಖ ಮಾತ್ರ ಅಲ್ಲಿದೆ. ಸಾರಂಗಿ ಮೀಂಡನ್ನೂ ಅನುಸರಿಸೀತು. ಪೇಟಿಯ ಮನೆಗಳು ಬಿಡಿಬಿಡಿ, ಅಲ್ಲಿ ಜಾರುವಂತಿಲ್ಲ. ಆಕಾಶವಾಣಿಯು 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟದ್ದು ಅತಿಯಾಯಿತೆಂದರೂ, ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ.

ಇಂದು ಎಷ್ಟೋ ಕಡೆ ತಂಬೂರಿಯ ಸ್ಥಾನದಲ್ಲಿ ವಿದ್ಯುತ್ ಪೆಟ್ಟಿಗೆ ಕುಳಿತಿದೆ. ಅದರ ಶ್ರುತಿ ತಪ್ಪದು, ಅದಕ್ಕೆ ಕೈಸೋಲದು, ಪ್ರಯಾಣದಲ್ಲಿ ಅನುಕೂಲವೂ ಹೌದು. ಆದರೆ ತಂಬೂರಿಯೊಡನೆ ವೇದಿಕೆಯಿಂದ ಎದ್ದುಹೋಗುವವರು ಯಾರು? ಗುರುವಿನ ಬೆನ್ನ ಹಿಂದೆ ಕುಳಿತು ಮೀಟುತ್ತ, ಅವರ ಉಸಿರು ಎಲ್ಲಿ ಮುಗಿಯುವುದೆಂದು ಕಾಯುವ ಶಿಷ್ಯರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಕಲಿತ ಗಂಗೂಬಾಯಿ ಹಾನಗಲ್ಲರ (1913–2009) ಹಿಂದೆ ಹಾಗೆ ಕುಳಿತವರು ಮಗಳು ಕೃಷ್ಣಾ. ತಾಯಿ ಬಿಟ್ಟ ಸ್ವರವನ್ನು ಮಗಳು ಎತ್ತಿಕೊಳ್ಳುವಳು. ಮಗಳ ದನಿ ನಿಂತಿರಲು ತಾಯಿಯದು ಅದನ್ನು ದಾಟಿ ನಡೆಯುವುದು. 2004ರಲ್ಲಿ ಕೃಷ್ಣಾ ತೀರಿಕೊಂಡಾಗ ತಾಯಿಗೆ ತೊಂಬತ್ತು ದಾಟಿತ್ತು.