ಇಟಲಿಯಲ್ಲಿ ನಮ್ಮ ಒತ್ತಕ್ಷರವೇ ಆಸರೆ

ಇಟಲಿಗೆ ಕೆಲಸಕ್ಕೆ ಹೊರಟವರ ಮನೆಯಲ್ಲಿ ಕೇಳಿಬರುವ ಮಾತು: ‘ಇಂಗ್ಲಿಷ್ ಬಂದರೆ ಸಾಕಲ್ಲ?’ ಕೆಲವು ಕಚೇರಿಗಳಲ್ಲಿ ಸಾಕಾಗಬಹುದು. ಆಸ್ಪತ್ರೆ, ಅಂಚೆ ಕಚೇರಿ, ಮಕ್ಕಳ ಶಾಲೆಯಲ್ಲಿ ಸಾಲದು. ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ ಮೇಲೆ ದೀರ್ಘಾವಧಿ ವಾಸದ ಪರವಾನಗಿ ಬೇಕೆಂದರೆ ಸಾಮಾನ್ಯವಾಗಿ ಎ2 ಮಟ್ಟದ ಇಟಾಲಿಯನ್ ಕಡ್ಡಾಯ. ಪೌರತ್ವಕ್ಕೆ 2018ರ ಕೊನೆಯಿಂದ ಬಿ1. ಹೊರಗೆ ದುಡಿಯುವ ಗಂಡ ಹೇಗೋ ಕಲಿತುಬಿಡುತ್ತಾನೆ, ಮನೆಯಲ್ಲಿರುವ ಹೆಂಡತಿ ಹಿಂದೆ ಬೀಳುತ್ತಾಳೆ. ಪರೀಕ್ಷೆ ಮಾತ್ರ ಅವರವರೇ ಬರೆಯಬೇಕು. ವೀಸಾಕ್ಕೆ ಕಾಯುವ ತಿಂಗಳುಗಳಲ್ಲಿ ಊರಲ್ಲೇ ಶುರು ಮಾಡಿದರೆ ಒಳ್ಳೆಯದು.

ಕನ್ನಡಿಗರ ನಾಲಿಗೆಗೆ ಈ ಭಾಷೆ ಅಪರಿಚಿತವಲ್ಲ. ಹೆಚ್ಚಿನ ಪದಗಳು ಸ್ವರದಲ್ಲೇ ಮುಗಿಯುತ್ತವೆ: ಪಾನೆ (ಬ್ರೆಡ್), ಲಾತ್ತೆ (ಹಾಲು), ಆಕ್ವಾ (ನೀರು). ಇಂಗ್ಲಿಷರು ತಡವರಿಸುವ ಒತ್ತಕ್ಷರ ನಮಗೆ ಸಲೀಸು. ‘ಕತೆ’ ಮತ್ತು ‘ಕತ್ತೆ’ ಒಂದೇ ಅಲ್ಲವೆಂದು ಯಾರೂ ನಮಗೆ ಕಲಿಸಬೇಕಿಲ್ಲ. ಅಲ್ಲೂ ಹಾಗೆಯೇ: ಸೇತೆ ಅಂದರೆ ಬಾಯಾರಿಕೆ, ಸೆತ್ತೆ ಅಂದರೆ ಏಳು, ಕಾಸಾ ಮನೆ, ಕಸ್ಸಾ ಅಂಗಡಿಯ ಗಲ್ಲಾ. ‘ನನಗೆ ಕಾಫಿ ಇಷ್ಟ’ ಅನ್ನುವಂತೆಯೇ ‘ಮಿ ಪಿಯಾಚೆ ಇಲ್ ಕಫೆ’. ‘ಮಿ’ ಅಂದರೆ ನನಗೆ. ‘ನಾನು’ ಬಿಟ್ಟು ‘ಮಾತಾಡುತ್ತೇನೆ’ ಅಂದರೂ ಯಾರೆಂದು ತಿಳಿಯುತ್ತದಲ್ಲ, ಅಲ್ಲಿ ‘ಪಾರ್ಲೊ’ ಅಂದರೂ ಅಷ್ಟೇ.

ಎಡವುವುದು ಲಿಂಗದಲ್ಲಿ. ನಮಗೆ ಮೇಜು, ಕುರ್ಚಿ ಎರಡೂ ‘ಅದು’. ಅವರಿಗೆ ಮೇಜು (ತಾವೊಲೊ) ಗಂಡು, ಕುರ್ಚಿ (ಸೇದಿಯಾ) ಹೆಣ್ಣು. ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು: ಹೊಸ ಮೇಜು ‘ನುವೋವೊ’, ಹೊಸ ಕುರ್ಚಿ ‘ನುವೋವಾ’. ‘ಒ’ ಗಂಡು, ‘ಆ’ ಹೆಣ್ಣು ಅನ್ನುವ ಸೂತ್ರ ಬಹುಪಾಲು ನಡೆಯುತ್ತದೆ, ಆದರೆ ಕೈ (ಮಾನೊ) ಹೆಣ್ಣು! ಪದವನ್ನು ಒಂಟಿಯಾಗಿ ಕಲಿಯದೆ ‘ಇಲ್ ತಾವೊಲೊ’, ‘ಲಾ ಮಾನೊ’ ಎಂದು ಜೋಡಿಯಾಗಿಯೇ ಬಾಯಿಪಾಠ ಮಾಡಿ. ಇನ್ನೊಂದು ಮಾತು, ಗೌರವದ ‘ನೀವು’ ಅಲ್ಲಿ ‘ಲೇಯ್’. ಡಾಕ್ಟರು ನಿಮ್ಮನ್ನು ಹಾಗೆ ಕರೆದರೆ ಸಿಟ್ಟಾಗಬೇಡಿ.

ಯಾವ ಪದ ಮೊದಲು? ಹೆಚ್ಚಿನ ಪುಸ್ತಕಗಳು ಹೋಟೆಲ್, ವಿಮಾನ ನಿಲ್ದಾಣದಿಂದ ಆರಂಭಿಸುತ್ತವೆ. ಲೆಕ್ಕ ನೋಡುವ ನನ್ನ ಸಲಹೆ ಬೇರೆ: ಬುಸ್ತಾ ಪಾಗಾ, ಅಂದರೆ ಸಂಬಳದ ಚೀಟಿ. ಲೋರ್ದೊ ಕಡಿತಕ್ಕೆ ಮೊದಲಿನ ಮೊತ್ತ, ನೆತ್ತೊ ಕೈಗೆ ಬರುವ ಹಣ, ತ್ರಾತ್ತೆನೂತೆ ಕಡಿತಗಳು, ಫೇರಿಯೆ ರಜೆ. ತ್ರೆದಿಚೇಸಿಮಾ ಡಿಸೆಂಬರಿನಲ್ಲಿ ಬರುವ ಹದಿಮೂರನೇ ಸಂಬಳ. ಈ ಪದ ಗೊತ್ತಿಲ್ಲದವನಿಗೆ ಅದು ಬಂತೋ ಇಲ್ಲವೋ ಎಂದು ಕೇಳಲೂ ಬಾಯಿಲ್ಲ. ಅಂಕಿಯಲ್ಲೂ ಎಚ್ಚರ: 1.250,50 ಅಂದರೆ ಸಾವಿರದ ಇನ್ನೂರೈವತ್ತು ಯೂರೊ ಐವತ್ತು ಸೆಂಟ್. ಚುಕ್ಕಿ, ಅಲ್ಪವಿರಾಮ ನಮಗಿಂತ ತಿರುಗುಮುರುಗು. (ಜಮಾ-ಖರ್ಚಿನ ದ್ವಿನಮೂದು ಪದ್ಧತಿಯನ್ನು ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ್ದೂ ಲ್ಯಾಟಿನ್‌ನಲ್ಲಲ್ಲ, ಜನರಾಡುವ ಇಟಾಲಿಯನ್‌ನಲ್ಲಿ.)

ಆಮೇಲೆ ಆಸ್ಪತ್ರೆಯ ಮಾತು. ‘ಮಿ ಫಾ ಮಾಲೆ ಕ್ವಿ’ ಎಂದು ಬೆರಳು ತೋರಿಸಿದರೆ ‘ಇಲ್ಲಿ ನೋಯುತ್ತಿದೆ’ ಎಂದಾಯಿತು. ಸಸ್ಯಾಹಾರಿಗಳಿಗೆ ‘ಸೆನ್ಝಾ ಕಾರ್ನೆ’, ಮಾಂಸವಿಲ್ಲದ್ದು. ‘ಕಾಲ್ದೊ’ ಕೇಳಿ ಕೋಲ್ಡ್ ಅಂದುಕೊಳ್ಳಬೇಡಿ, ಅದು ಬಿಸಿ. ಮಕ್ಕಳಿಗೆ ನಲ್ಲಿ ತಿರುಗಿಸುವ ಮೊದಲೇ ಇದನ್ನು ಹೇಳಿಕೊಡಿ.

ಅಲ್ಲಿಗೆ ತಲುಪಿದ ಮೇಲೆ ಖಾಸಗಿ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ಜಿಲ್ಲೆಯ ಸರ್ಕಾರಿ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ವಿಚಾರಿಸಿ. ವಲಸಿಗರಿಗಾಗಿ ಎ1, ಎ2 ತರಗತಿಗಳು ಅಲ್ಲಿ ಉಚಿತವಾಗಿ ಇಲ್ಲವೇ ಅತಿ ಕಡಿಮೆ ಶುಲ್ಕಕ್ಕೆ ನಡೆಯುತ್ತವೆ.